ನೆರಳನ್ನು ನಿರ್ಮಿಸಿದವರು

ಚಿತ್ರಮಂದಿರದಲ್ಲಿ ದೀಪವಾರಿದ ಬಳಿಕ ತೆರೆಯ ಮೇಲೆ ಮೂಡುವ ಹೆಸರುಗಳ ಪಟ್ಟಿಯನ್ನು ಗಮನವಿಟ್ಟು ಓದುವ ಅಭ್ಯಾಸ ಪ್ರೇಕ್ಷಕರಲ್ಲಿ ಬಹು ವಿರಳ. ನಾಯಕ, ನಾಯಕಿ, ಹೆಚ್ಚೆಂದರೆ ನಿರ್ದೇಶಕ, ಇಷ್ಟಕ್ಕೇ ಸ್ಮರಣೆ ನಿಂತುಬಿಡುತ್ತದೆ. ಉಳಿದವರ ಹೆಸರುಗಳು ಬರುವ ವೇಳೆಗೆ ಕೆಲವರು ಆಸನ ಹುಡುಕುತ್ತಿರುತ್ತಾರೆ, ಕೆಲವರು ಕಡಲೆಕಾಯಿ ಸುಲಿಯುತ್ತಿರುತ್ತಾರೆ. ಇದು ಎಂತಹ ಅನ್ಯಾಯವೆಂಬುದಕ್ಕೆ 1944ರಲ್ಲಿ ಹಾಲಿವುಡ್ಡಿನ ಪ್ಯಾರಮೌಂಟ್ ಸಂಸ್ಥೆ ಹೊರತಂದ ‘ಡಬಲ್ ಇಂಡೆಮ್ನಿಟಿ’ ಎಂಬ ಕಪ್ಪು-ಬಿಳುಪು ಚಿತ್ರಕ್ಕಿಂತ ಉತ್ತಮ ಸಾಕ್ಷಿ ದೊರೆಯಲಾರದು. ಅದನ್ನು ಬಿಲ್ಲಿ ವೈಲ್ಡರ್ ಅವರ ಚಿತ್ರವೆಂದು ಕರೆಯುವುದು ವಾಡಿಕೆ. ಅದು ಅರ್ಧ ಸತ್ಯ ಮಾತ್ರ.

ಶೀರ್ಷಿಕೆ ವಿಮಾ ಕರಾರಿನ ಒಂದು ಷರತ್ತಿನದು. ವಿಮೆದಾರನು ಅಪಘಾತದಲ್ಲಿ ಮಡಿದರೆ ಪಾಲಿಸಿಯ ಮೊತ್ತದ ಎರಡರಷ್ಟು ಹಣ ವಾರಸುದಾರರಿಗೆ ಸಲ್ಲಬೇಕೆಂಬುದು ಅದರ ತಾತ್ಪರ್ಯ. ಜೀವ ವಿಮಾ ನಿಗಮದ ಪಾಲಿಸಿ ಪಡೆದವರಿಗೂ ಅಪಘಾತ ಸೌಲಭ್ಯವೆಂಬ ಹೆಸರಿನಲ್ಲಿ ಇದು ಪರಿಚಿತವೇ. ಲಾಸ್ ಏಂಜಲೀಸಿನ ವಿಮಾ ಏಜೆಂಟ್ ವಾಲ್ಟರ್ ನೆಫ್, ವಿವಾಹಿತೆಯಾದ ಫಿಲಿಸ್ ಡೀಟ್ರಿಕ್ಸನ್ ಎಂಬಾಕೆಯ ಮೋಹದಲ್ಲಿ ಬಿದ್ದು, ಆಕೆಯ ಪತಿಗೆ ಅರಿವಿಲ್ಲದಂತೆಯೇ ಪಾಲಿಸಿಗೆ ಸಹಿ ಹಾಕಿಸಿ, ಅವನನ್ನು ಕೊಂದು, ರೈಲಿನಿಂದ ಬಿದ್ದು ಸತ್ತನೆಂದು ತೋರುವಂತೆ ಶವವನ್ನು ಹಳಿಯ ಮೇಲಿಡುತ್ತಾನೆ. ಕೊನೆಗೆ ಗಾಯಗೊಂಡು, ನಡುರಾತ್ರಿಯಲ್ಲಿ ನಿರ್ಜನವಾದ ಕಛೇರಿಗೆ ಬಂದು, ಡಿಕ್ಟಾಫೋನಿನ ಮುಂದೆ ತಾನೇ ತಪ್ಪೊಪ್ಪಿಕೊಳ್ಳುತ್ತಾನೆ. ಚಿತ್ರ ಆರಂಭವಾಗುವುದೇ ಈ ತಪ್ಪೊಪ್ಪಿಗೆಯಿಂದ. ಕೊಲೆಗಾರ ಯಾರೆಂಬ ಕುತೂಹಲವನ್ನು ಮೊದಲ ಕೆಲವು ನಿಮಿಷಗಳಲ್ಲಿಯೇ ಕೈಬಿಟ್ಟು ಉಳಿದ ಕಾಲವನ್ನೆಲ್ಲ ಪ್ರೇಕ್ಷಕನನ್ನು ಹಿಡಿದಿಡುವುದು ಸಾಮಾನ್ಯ ಧೈರ್ಯವಲ್ಲ.

1927ರಲ್ಲಿ ನ್ಯೂಯಾರ್ಕಿನಲ್ಲಿ ರೂತ್ ಸ್ನೈಡರ್ ಎಂಬಾಕೆ ಪ್ರಿಯಕರನೊಡನೆ ಸೇರಿ ಪತಿಯನ್ನು ಕೊಂದ ಪ್ರಕರಣ ಕಥೆಗೆ ಮೂಲ. ಅದನ್ನಾಧರಿಸಿ ಜೇಮ್ಸ್ ಎಂ. ಕೇನ್ ಬರೆದ ನೀಳ್ಗತೆ 1936ರಲ್ಲಿ ‘ಲಿಬರ್ಟಿ’ ಪತ್ರಿಕೆಯಲ್ಲಿ ಧಾರಾವಾಹಿಯಾಯಿತು. ಚಿತ್ರೋದ್ಯಮದ ನೀತಿಸಂಹಿತೆಯನ್ನು ಕಾಯುತ್ತಿದ್ದ ಕಛೇರಿ ಇದು ತೆರೆಗೆ ಯೋಗ್ಯವಲ್ಲವೆಂದು ಷರಾ ಬರೆದುದರಿಂದ ಹಲವು ವರ್ಷ ಯಾರೂ ಅದನ್ನು ಮುಟ್ಟಲಿಲ್ಲ. ವೈಲ್ಡರ್ ಅವರ ಖಾಯಂ ಸಹಲೇಖಕ ಚಾರ್ಲ್ಸ್ ಬ್ರ್ಯಾಕೆಟ್ ಸಹ ಇಂತಹ ಹೀನ ಕಥೆ ತಮಗೆ ಬೇಡವೆಂದು ದೂರ ಸರಿದರು. ಆಗ ಸಹನಿರ್ಮಾಪಕ ಜೋಸೆಫ್ ಸಿಸ್ಟ್ರೋಮ್ ಸೂಚಿಸಿದ ಹೆಸರು ಪತ್ತೇದಾರಿ ಕಾದಂಬರಿಕಾರ ರೇಮಂಡ್ ಚಾಂಡ್ಲರ್. ಈ ಸೂಚನೆ ಬಾರದಿದ್ದರೆ ಚಿತ್ರದ ಗತಿ ಏನಾಗುತ್ತಿತ್ತೆಂದು ಊಹಿಸುವುದು ಕಷ್ಟ. ಆದರೂ ಸಿಸ್ಟ್ರೋಮ್ ಅವರ ಹೆಸರನ್ನು ಇಂದು ಬಲ್ಲವರು ಎಷ್ಟು ಜನ?

ಚಾಂಡ್ಲರ್ ಅವರ ಪೂರ್ವವೃತ್ತಾಂತ ವಾಣಿಜ್ಯ ಓದಿದವರಿಗೆ ರುಚಿಸುವಂತಹುದು. ತೈಲ ಕಂಪನಿಯೊಂದರಲ್ಲಿ ಲೆಕ್ಕಪತ್ರ ನೋಡುವವರಾಗಿ ಸೇರಿ, ಉಪಾಧ್ಯಕ್ಷ ಪದವಿಯವರೆಗೆ ಏರಿ, ಕುಡಿತದ ಕಾರಣದಿಂದ 1932ರಲ್ಲಿ ಕೆಲಸ ಕಳೆದುಕೊಂಡು, ನಡುವಯಸ್ಸಿನಲ್ಲಿ ಲೇಖನಿ ಹಿಡಿದವರು ಅವರು. 1943ರಲ್ಲಿ ವಾರಕ್ಕೆ 750 ಡಾಲರ್ ವೇತನದ ಮೇಲೆ ಸ್ಟುಡಿಯೋಗೆ ಬಂದಾಗ ಚಿತ್ರಕಥೆಯ ಒಂದು ಪುಟವನ್ನೂ ಬರೆದು ಅನುಭವವಿರಲಿಲ್ಲ. ತಮಗಿಂತ ಹದಿನೆಂಟು ವರ್ಷ ಕಿರಿಯರಾದ, ಕೈಯಲ್ಲಿ ಬೆತ್ತ ಬೀಸುತ್ತ, ಕ್ಷಣಕ್ಷಣಕ್ಕೆ ದೂರವಾಣಿಗೆ ಓಗೊಡುತ್ತಿದ್ದ ವೈಲ್ಡರ್ ಅವರೊಡನೆ ಒಂದೇ ಕೊಠಡಿಯಲ್ಲಿ ಕೂಡುವುದು ಅವರಿಗೆ ನರಕಯಾತನೆಯಾಯಿತು. ಒಂದು ದಿನ ದೂರುಗಳ ಪಟ್ಟಿಯನ್ನೇ ಬರೆದು ಮೇಲಿನವರಿಗೆ ಒಪ್ಪಿಸಿದರಂತೆ. ಆದರೂ ಒಂದು ಮುಖ್ಯ ವಿಷಯದಲ್ಲಿ ಗೆದ್ದವರು ಅವರೇ. ಕೇನ್ ಅವರ ಸಂಭಾಷಣೆ ಕಣ್ಣಿಗೆ ಓದಲು ಚೆನ್ನ, ನಾಲಿಗೆಯ ಮೇಲೆ ನಿಲ್ಲದು ಎಂದು ಅವರು ಪಟ್ಟುಹಿಡಿದಾಗ, ನಟರನ್ನು ಕರೆಸಿ ಓದಿಸಿ ನೋಡಲಾಯಿತು. ಅವರ ಮಾತು ನಿಜವಾಗಿತ್ತು. ಮನಸ್ತಾಪವಿಲ್ಲದೆ ಉತ್ತಮ ಕಾರ್ಯ ನಡೆಯದೆಂದೇನೂ ಅಲ್ಲ, ಆದರೆ ಮನಸ್ತಾಪದ ನಡುವೆಯೂ ನಡೆಯಬಲ್ಲುದು.

ಈ ಸಹವಾಸಕ್ಕೆ ತೆತ್ತ ಬೆಲೆ ಅಲ್ಪವೇನಲ್ಲ. ಮದ್ಯವನ್ನು ತ್ಯಜಿಸಿದ್ದ ಚಾಂಡ್ಲರ್ ಈ ಅವಧಿಯಲ್ಲಿ ಮತ್ತೆ ಅದರ ವಶವಾದರು. ಕುಡುಕ ಲೇಖಕನೊಬ್ಬನ ಯಾತನೆಯನ್ನು ಚಿತ್ರಿಸಿದ ‘ದಿ ಲಾಸ್ಟ್ ವೀಕೆಂಡ್’ (1945) ಚಿತ್ರವನ್ನು ಕೈಗೆತ್ತಿಕೊಳ್ಳಲು ಚಾಂಡ್ಲರ್ ಅವರ ಒಡನಾಟ ಒಂದು ಪ್ರೇರಣೆಯೆಂದು ವೈಲ್ಡರ್ ಮುಂದೆ ಹೇಳಿಕೊಂಡರು. ಅದಕ್ಕೆ ಅಕಾಡೆಮಿಯ ಶ್ರೇಷ್ಠ ಚಿತ್ರ ಪ್ರಶಸ್ತಿಯೂ ಬಂತು. ಒಬ್ಬರ ರೋಗ ಇನ್ನೊಬ್ಬರ ಕೃತಿಯಾಗುವ ಈ ವಿಚಿತ್ರ ವಿನಿಮಯವನ್ನು ಯಾವ ಲೆಕ್ಕದ ಪುಸ್ತಕದಲ್ಲಿ ಜಮಾ ಮಾಡಬೇಕೋ ತಿಳಿಯದು.

ನಟವರ್ಗವೂ ಸುಲಭವಾಗಿ ಒದಗಲಿಲ್ಲ. ಕೊಲೆಗಾರನ ಪಾತ್ರವೆಂದು ಹಲವರು ಹಿಂಜರಿದರು. ಜಾರ್ಜ್ ರ‍್ಯಾಫ್ಟ್ ಅಂತೂ ನಾಯಕ ಕೊನೆಗೆ ಸರ್ಕಾರದ ಗೂಢಚಾರನೆಂದು ಬಯಲಾಗದಿದ್ದರೆ ತಮಗೆ ಬೇಡವೆಂದರು. ಹಗುರ ಹಾಸ್ಯಚಿತ್ರಗಳ ನಗುಮುಖದ ಫ್ರೆಡ್ ಮ್ಯಾಕ್‌ಮರೆ ಒಲ್ಲದ ಮನಸ್ಸಿನಿಂದಲೇ ಒಪ್ಪಿದರು. ಆ ನಗುಮುಖವೇ ಚಿತ್ರದ ಬಲವಾಯಿತೆನ್ನಬೇಕು. ಕ್ರೂರಿಯ ಮುಖವುಳ್ಳವನು ಕೊಂದರೆ ಆಶ್ಚರ್ಯವೇನು? ಪಕ್ಕದ ಮೇಜಿನ ಸಹೋದ್ಯೋಗಿಯಂತಹವನು ಕೊಂದಾಗಲೇ ಎದೆ ನಡುಗುವುದು. ಬಾರ್ಬರಾ ಸ್ಟ್ಯಾನ್‌ವಿಕ್ ಅವರ ಹೊಂಬಣ್ಣದ ಕೃತಕ ಕೇಶವನ್ನು ಕಂಡು, ತಾವು ಗೊತ್ತುಮಾಡಿದ್ದು ನಟಿಯನ್ನು, ತೆರೆಯ ಮೇಲಿರುವುದು ಜಾರ್ಜ್ ವಾಷಿಂಗ್ಟನ್ ಎಂದು ಸಂಸ್ಥೆಯ ಮುಖ್ಯಸ್ಥರೇ ಹಾಸ್ಯ ಮಾಡಿದ್ದುಂಟು. ಆ ಅಗ್ಗದ ಥಳುಕೇ ಪಾತ್ರಕ್ಕೆ ತಕ್ಕುದಾಗಿತ್ತು. ವಸ್ತ್ರವಿನ್ಯಾಸ ಈಡಿತ್ ಹೆಡ್ ಅವರದು.

ಆದರೆ ಕಛೇರಿಯಲ್ಲಿ ಕೆಲಸ ಮಾಡಿ ಬದುಕುವ ಯಾರಿಗೇ ಆಗಲಿ ಮರೆಯಲಾಗದ ಪಾತ್ರ ಕ್ಲೇಮು ವಿಭಾಗದ ಮುಖ್ಯಸ್ಥ ಬಾರ್ಟನ್ ಕೀಸ್. ಎಡ್ವರ್ಡ್ ಜಿ. ರಾಬಿನ್‌ಸನ್ ಮೂರನೆಯ ಸ್ಥಾನಕ್ಕಿಳಿದು ಇದನ್ನು ಒಪ್ಪಿಕೊಂಡರು. ಸುಳ್ಳು ಕ್ಲೇಮು ಬಂದಾಗ ಕೀಸನ ಹೊಟ್ಟೆಯೊಳಗೆ ಕುಳಿತ ಪುಟ್ಟ ಮನುಷ್ಯನೊಬ್ಬ ಉಂಡ ಅನ್ನವನ್ನು ಜೀರ್ಣವಾಗಗೊಡುವುದಿಲ್ಲ. ಸತ್ತವನದು ಆತ್ಮಹತ್ಯೆಯೆಂದು ಮೇಲಧಿಕಾರಿ ವಾದಿಸಿದಾಗ ಅವನು ಆತ್ಮಹತ್ಯೆಗಳ ಅಂಕಿ ಅಂಶಗಳನ್ನು ವರ್ಗವಾರು ಒಂದೇ ಉಸಿರಿನಲ್ಲಿ ಒಪ್ಪಿಸುತ್ತಾನೆ. ನಿಧಾನವಾಗಿ ಸಾಗುವ ರೈಲಿನ ಹಿಂಬದಿಯಿಂದ ಹಾರಿ ಸತ್ತವರು ದಾಖಲೆಯಲ್ಲಿ ಒಬ್ಬರೂ ಇಲ್ಲ! ನೀರಸವೆಂದು ಜಗತ್ತು ತಳ್ಳಿಹಾಕುವ ಕಡತಗಳ ಕಾಯಕಕ್ಕೆ ಚಲಚ್ಚಿತ್ರವೊಂದು ಇಷ್ಟು ಗೌರವ ಸಲ್ಲಿಸಿದ ನಿದರ್ಶನ ಮತ್ತೊಂದು ಸಿಗಲಾರದು. ಕೀಸನ ಚುಟ್ಟಕ್ಕೆ ಬೆಂಕಿಕಡ್ಡಿ ಗೀರಿ ಕೊಡುವವನು ಯಾವಾಗಲೂ ನೆಫ್. ಇಬ್ಬರ ಸ್ನೇಹವನ್ನು ಹೇಳಲು ಅಷ್ಟೇ ಸಾಕು. (ಆರೋಗ್ಯ ಲೇಖನಗಳ ನಡುವೆ ಈ ಧೂಮಲೀಲೆಯನ್ನು ಹೊಗಳುವುದು ಸಲ್ಲದಾದರೂ, ಇದ್ದುದನ್ನು ಹೇಳಲೇಬೇಕು.)

ಛಾಯಾಗ್ರಾಹಕ ಜಾನ್ ಎಫ್. ಸೀಟ್ಜ್ ಮೂಕಿಚಿತ್ರಗಳ ಕಾಲದಿಂದ ಕ್ಯಾಮೆರಾ ಹಿಡಿದವರು. ಡೀಟ್ರಿಕ್ಸನ್ ಮನೆಯೊಳಗೆ ಕಿಟಕಿಯ ಪಟ್ಟಿಪರದೆಗಳ ಸಂದಿಯಿಂದ ಬಿಸಿಲು ಕೋಲುಕೋಲಾಗಿ ಇಳಿಯುತ್ತದೆ. ಗೋಡೆಯ ಮೇಲೆ, ಮನುಷ್ಯರ ಮೈಮೇಲೆ ಸೆರೆಮನೆಯ ಸರಳುಗಳಂತೆ ನೆರಳು ಬೀಳುತ್ತದೆ. ಅಪರಾಧ ಇನ್ನೂ ನಡೆದಿಲ್ಲ, ಬಂಧನವಾಗಲೇ ಆಗಿಹೋಗಿದೆ. ಆ ಮನೆಯ ಗಾಳಿಯಲ್ಲಿ ತೇಲುವ ಧೂಳು ನಿಜವಾದ ಧೂಳಲ್ಲ. ಬೆಳಕಿಗೆ ಮಿನುಗಲೆಂದು ತೂರಿದ ಅಲ್ಯುಮಿನಿಯಮ್ ಪುಡಿ. ಈ ಬಗೆಯ ಚಿತ್ರಗಳಿಗೆ 1946ರಲ್ಲಿ ಫ್ರೆಂಚ್ ವಿಮರ್ಶಕ ನಿನೋ ಫ್ರ್ಯಾಂಕ್ ‘ಫಿಲ್ಮ್ ನ್ವಾರ್’, ಎಂದರೆ ಕರಿಚಿತ್ರ, ಎಂದು ಹೆಸರಿಟ್ಟಾಗ ಅವರ ಮನಸ್ಸಿನಲ್ಲಿದ್ದ ಚಿತ್ರಗಳಲ್ಲಿ ಇದೂ ಒಂದು. ಸಂಗೀತ ನಿರ್ದೇಶಕ ಮಿಕ್ಲೋಸ್ ರೋಜಾ ಅವರದು ಇನ್ನೊಂದು ಕಥೆ. ಅವರ ಕಟುಸ್ವರಗಳನ್ನು ಕೇಳಿ ಸ್ಟುಡಿಯೋದ ಸಂಗೀತ ವಿಭಾಗದ ಮುಖ್ಯಸ್ಥರು ಇದು ಕಾರ್ನೆಗಿ ಸಭಾಂಗಣಕ್ಕೆ ಲಾಯಕ್ಕೆಂದು ಮೂದಲಿಸಿದರೆ, ರೋಜಾ ಅದನ್ನು ಹೊಗಳಿಕೆಯೆಂದೇ ಸ್ವೀಕರಿಸಿ ಧನ್ಯವಾದ ಹೇಳಿದರಂತೆ. ಸಂಕಲನದ ಮೇಲ್ವಿಚಾರಣೆ ಡೋನ್ ಹ್ಯಾರಿಸನ್ ಅವರದು. ವೈಲ್ಡರ್ ಅವರಿಗೆ ನಿರ್ದೇಶನದ ತಾಂತ್ರಿಕ ಪಾಠ ಹೇಳಿದವರೇ ಅವರು.

ವೈಲ್ಡರ್ ಹುಟ್ಟಿದ್ದು ಆಸ್ಟ್ರಿಯಾ-ಹಂಗೆರಿ ಸಾಮ್ರಾಜ್ಯದಲ್ಲಿ; 1933ರಲ್ಲಿ ಹಿಟ್ಲರನ ಭಯದಿಂದ ಬರ್ಲಿನ್ ತೊರೆದವರು. ರೋಜಾ ಬುಡಾಪೆಸ್ಟಿನವರು, ರಾಬಿನ್‌ಸನ್ ಬುಖಾರೆಸ್ಟಿನವರು, ಕಲಾನಿರ್ದೇಶಕ ಹ್ಯಾನ್ಸ್ ಡ್ರೈಯರ್ ಜರ್ಮನಿಯವರು. ಚಾಂಡ್ಲರ್ ಸಹ ಇಂಗ್ಲೆಂಡಿನಲ್ಲಿ ಬೆಳೆದವರು. ಲಾಸ್ ಏಂಜಲೀಸನ್ನು ಇಷ್ಟು ತೀಕ್ಷ್ಣವಾಗಿ ಕಂಡವರೆಲ್ಲ ಹೊರಗಿನಿಂದ ಬಂದವರು. ಊರು ಬಿಟ್ಟು ಮಹಾನಗರ ಸೇರಿದವರಿಗೆ ಇದರ ಮರ್ಮ ವಿವರಿಸಿ ಹೇಳಬೇಕಾದುದಿಲ್ಲ.

ಮುಂಬಯಿಯ ಕನ್ನಡಿಗರಿಗಂತೂ ಇದರ ನೆನಪು ಹತ್ತಿರದ್ದು. ಮೈಸೂರಿನಲ್ಲಿ ಹುಟ್ಟಿ, ಬೆಂಗಳೂರಿನ ಶ್ರೀ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್ಕಿನಲ್ಲಿ ಛಾಯಾಗ್ರಹಣ ಕಲಿತ ವಿ. ಕೆ. ಮೂರ್ತಿಯವರು, ಬೆಂಗಳೂರಿನಲ್ಲೇ ಜನಿಸಿದ ಗುರುದತ್ತರ ಕಣ್ಣಾದರು. ‘ಬಾಜಿ’ (1951) ಚಿತ್ರದಲ್ಲಿ ಅವರು ಇನ್ನೂ ಸಹಾಯಕರು, ‘ಸಿ.ಐ.ಡಿ.’ (1956) ಚಿತ್ರದ ನೆರಳುಬೆಳಕು ಅವರ ಸ್ವಂತದ್ದು. ‘ಕಾಗಜ್ ಕೆ ಫೂಲ್’ (1959) ಚಿತ್ರದ ಆ ಪ್ರಸಿದ್ಧ ಬೆಳಕಿನ ಕಂಬವನ್ನು ಅವರು ಕನ್ನಡಿಗಳಿಂದ ಸೂರ್ಯಕಿರಣ ಹಾಯಿಸಿ ಸಾಧಿಸಿದರು. ಗುರುದತ್ತರ ಹೆಸರು ಹೇಳುವ ನೂರು ಜನರಲ್ಲಿ ಮೂರ್ತಿಯವರ ಹೆಸರು ಹೇಳುವವರು ಹತ್ತು ಮಂದಿಯೂ ಇರಲಾರರು. ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ ಅವರನ್ನು ಹುಡುಕಿಕೊಂಡು ಬಂದದ್ದು 2008ನೆಯ ಸಾಲಿಗೆ, ಮುಪ್ಪಿನಲ್ಲಿ. ಛಾಯಾಗ್ರಾಹಕರೊಬ್ಬರಿಗೆ ಅದು ದೊರೆತದ್ದು ಅದೇ ಮೊದಲು.

‘ಡಬಲ್ ಇಂಡೆಮ್ನಿಟಿ’ ಚಿತ್ರದವರ ಪಾಡು ಇನ್ನೂ ಕಷ್ಟ. ಏಳು ವಿಭಾಗಗಳಲ್ಲಿ ಅಕಾಡೆಮಿ ಪ್ರಶಸ್ತಿಗೆ ಹೆಸರಿಸಲ್ಪಟ್ಟು ಒಂದನ್ನೂ ಪಡೆಯಲಿಲ್ಲ. ಸೀಟ್ಜ್ ಜೀವಮಾನದಲ್ಲಿ ಏಳು ಬಾರಿ ನಾಮಾಂಕಿತರಾಗಿ ಏಳು ಬಾರಿಯೂ ಬರಿಗೈಯಲ್ಲಿ ಮರಳಿದರು. ರಾಬಿನ್‌ಸನ್ ಒಮ್ಮೆಯೂ ನಾಮಾಂಕಿತರಾಗಲಿಲ್ಲ. 1973ರಲ್ಲಿ ಗೌರವ ಪ್ರಶಸ್ತಿ ಪ್ರದಾನವಾಗುವ ವೇಳೆಗೆ ಅವರು ತೀರಿಕೊಂಡು ಎರಡು ತಿಂಗಳಾಗಿತ್ತು. ಇನ್ನು ಚಾಂಡ್ಲರ್: ಚಿತ್ರದ ಒಂದು ದೃಶ್ಯದಲ್ಲಿ ಕೀಸನ ಕೊಠಡಿಯ ಹೊರಗೆ ಕುರ್ಚಿಯಲ್ಲಿ ಕುಳಿತು ಓದುತ್ತಿರುವ ವ್ಯಕ್ತಿಯೊಬ್ಬನಿದ್ದಾನೆ, ನೆಫ್ ಅವನ ಮುಂದೆಯೇ ಹಾದುಹೋಗುತ್ತಾನೆ. ಅದು ಸ್ವತಃ ಚಾಂಡ್ಲರ್ ಎಂಬುದು ಲೋಕಕ್ಕೆ ತಿಳಿದದ್ದು 2009ರಲ್ಲಿ.