ಮಂಡಿಯ ನೋವೂ ಡಬ್ಬಿಯ ಬರಹವೂ

ಭಾರತೀಯ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರದ ಅಧ್ಯಕ್ಷರಿಗೆ,
ನವದೆಹಲಿ

ಮಾನ್ಯರೇ,

ವಯನಾಡಿನ ಪೂರ್ವದಂಚಿನಲ್ಲಿ, ಕಬಿನಿಯು ಕೇರಳವನ್ನೂ ಕರ್ನಾಟಕವನ್ನೂ ವಿಭಾಗಿಸುತ್ತ ಹರಿಯುವ ಎಡೆಗೆ ಸಮೀಪವಾಗಿರುವ ಪುಲ್ಪಳ್ಳಿಯೆಂಬ ಊರಿನಿಂದ ಈ ಪತ್ರವನ್ನು ಬರೆಯುತ್ತಿದ್ದೇನೆ. ಪೆರಿಕ್ಕಲ್ಲೂರಿನ ಕಡವಿನಲ್ಲಿ ದೋಣಿಯೇರಿದವನು ಆಚೆಯ ಬೈರಕುಪ್ಪೆಯಲ್ಲಿ ಇಳಿಯುವಷ್ಟರಲ್ಲಿ ರಾಜ್ಯವೂ ಆಡಳಿತದ ಭಾಷೆಯೂ ಬದಲಾಗಿರುತ್ತವೆ. ಆದರೆ ಶುಂಠಿಯ ಹೊಲಗಳಲ್ಲಿ ದಿನವಿಡೀ ಬಾಗಿ ಅಗೆಯುವವರ ಸೊಂಟದ ನೋವಿಗೂ ಮೆಣಸು ಕೊಯ್ಯುವವರ ಮಂಡಿಯ ನೋವಿಗೂ ಅಂಥ ಗಡಿಯಿಲ್ಲ. ಇಲ್ಲಿಯ ಮೆಣಸಿನ ಕೊಯ್ಲನ್ನು ಕಂಡವರು ಬಲ್ಲರು: ಗೆಣ್ಣುಗಳ ಬಳಿ ಕವಲಿನ ಬುಡವನ್ನಷ್ಟೇ ಉಳಿಸಿ ಸವರಿದ ಒಂಟಿ ಬಿದಿರಿನ ಏಣಿಯನ್ನು ಮರಕ್ಕೆ ಆನಿಸಿ, ಹೆಬ್ಬೆರಳೂರುವಷ್ಟು ಎಡೆಯಲ್ಲಿ ಒಂದು ಪಾದವನ್ನಿಟ್ಟು, ದೇಹದ ಭಾರವನ್ನೆಲ್ಲ ಒಂದೇ ಮಂಡಿಯ ಮೇಲೆ ಹೊರಿಸಿ, ಎರಡೂ ಕೈಗಳಿಂದ ಗೊಂಚಲುಗಳನ್ನು ಕಿತ್ತು ಸೊಂಟದ ಚೀಲಕ್ಕೆ ತುಂಬುತ್ತ ಗಂಟೆಗಟ್ಟಲೆ ನಿಲ್ಲುವ ಆಳುಗಳ ದುಡಿಮೆಯನ್ನು ವ್ಯಾಯಾಮವೆಂದು ಯಾರೂ ಕರೆಯರು, ಆದರೂ ಕೀಲುಗಳ ಪಾಲಿಗೆ ಅದು ಕ್ರೀಡಾಪಟುವಿನ ಶ್ರಮಕ್ಕೆ ಎಳ್ಳಷ್ಟೂ ಕಡಿಮೆಯಲ್ಲ.

ಇಂಥವರ ಮನೆಗಳಿಗೂ, ಪೊಲೀಸ್ ಮತ್ತು ಸೇನೆಯ ನೇಮಕಾತಿಗೆಂದು ಮುಂಜಾನೆ ರಸ್ತೆಯಲ್ಲಿ ಓಡುವ ತರುಣರ ಕೈಗಳಿಗೂ ಈಚೆಗೆ ಕೊಲಾಜೆನ್ ಪುಡಿಯ ಡಬ್ಬಿಗಳು ಬಂದಿವೆ. ನೆರೆಮನೆಯ ಹುಡುಗನೊಬ್ಬನು ತಂದು ತೋರಿಸಿದ ಡಬ್ಬಿಯೊಂದನ್ನು ನಾನು ತಿರುವಿ ತಿರುವಿ ನೋಡಿದೆ. ಮುಂಭಾಗದಲ್ಲಿ ಓಡುವ ಕಾಲುಗಳ ಚಿತ್ರ. ಕೊಲಾಜೆನ್ ಎಂಬ ಪದ ಇಂಗ್ಲಿಷಿನ ದಪ್ಪಕ್ಷರಗಳಲ್ಲಿ. ಅದರ ಬದಿಯಲ್ಲಿ ಕಣ್ಣಿಗೆ ಬಿದ್ದರೂ ಬೀಳದಂತೆ, ಅದನ್ನು ಬೆಳೆಸುವಂಥದು ಎಂಬರ್ಥದ ಮತ್ತೊಂದು ಪದ. ಮೂಲೆಯಲ್ಲಿ ಸಸ್ಯಾಹಾರದ ಹಸಿರು ಚುಕ್ಕೆ. ಹಿಂಭಾಗದಲ್ಲಿ, ಕನ್ನಡಕವಿಲ್ಲದೆ ಓದಲಾಗದ ಅಕ್ಷರಗಳಲ್ಲಿ, ನೆಲ್ಲಿಕಾಯಿಯ ಸಾರ, ಅಗಸೆ ಮರದ ಎಲೆಯ ಸಾರ, ಬಯೋಟಿನ್ ಎಂದು ಮುದ್ರಿಸಿದ್ದರು. ಕೊಲಾಜೆನ್ ಎಂಬುದು ಪ್ರಾಣಿದೇಹದಲ್ಲಿ ಮಾತ್ರ ಉತ್ಪನ್ನವಾಗುವ ಪ್ರೋಟೀನು, ಗಿಡಮರಗಳಲ್ಲಿ ಅದಿಲ್ಲ. ಸಾವಿರಕ್ಕೂ ಮಿಕ್ಕ ರೂಪಾಯಿ ತೆತ್ತು ತಂದ ಆ ಡಬ್ಬಿಯಲ್ಲಿ ಕೊಲಾಜೆನಿನ ಕಣವೊಂದೂ ಇರಲಿಲ್ಲವೆಂಬುದನ್ನು ಕೇಳಿದಾಗ ಆ ಹುಡುಗನ ಮುಖ ಬಾಡಿದ್ದನ್ನು ಕಂಡು ನನಗೆ ಬಹಳ ನೋವಾಯಿತು.

ಈ ವಸ್ತುವಿನ ಬಗೆಗೆ ನನಗೆ ದ್ವೇಷವಿಲ್ಲ. ನಮ್ಮ ಶರೀರದ ಪ್ರೋಟೀನಿನಲ್ಲಿ ಸುಮಾರು ಮೂರರಲ್ಲೊಂದು ಪಾಲು ಕೊಲಾಜೆನೇ ಆಗಿದ್ದು, ಎಲುಬು, ಚರ್ಮ, ಸ್ನಾಯುಬಂಧ, ಮೃದ್ವಸ್ಥಿಗಳೆಲ್ಲವೂ ಅದರ ಆಧಾರದಿಂದಲೇ ನಿಂತಿವೆ. ಮೂರು ಎಳೆಗಳು ಹುರಿಗೊಂಡ ಹಗ್ಗದಂತಿರುವ ಅದರ ರಚನೆಯನ್ನು 1954 ಮತ್ತು 1955ರಲ್ಲಿ ಮದರಾಸು ವಿಶ್ವವಿದ್ಯಾನಿಲಯದಲ್ಲಿದ್ದುಕೊಂಡು ಲೋಕಕ್ಕೆ ತಿಳಿಸಿದವರು ಜಿ. ಎನ್. ರಾಮಚಂದ್ರನ್ ಮತ್ತು ಗೋಪಿನಾಥ ಕರ್ತಾ. ರಾಮಚಂದ್ರನ್ನರು ಎರ್ನಾಕುಳಂನಲ್ಲಿ ಜನಿಸಿ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಕಲಿತು, ಮುಂದೆ ಅಲ್ಲಿಯೇ ಅಣುಜೀವಭೌತ ವಿಭಾಗವನ್ನು ಕಟ್ಟಿದವರು. ಪ್ರತಿ ಮೂರನೆಯ ಸ್ಥಾನದಲ್ಲಿಯೂ ಗ್ಲೈಸೀನ್ ಇದ್ದರಲ್ಲದೆ ಆ ಎಳೆಗಳು ಅಷ್ಟು ಒತ್ತಾಗಿ ಹೆಣೆದುಕೊಳ್ಳಲಾರವು. ಆದರೆ ನಾವು ನುಂಗಿದ ಕೊಲಾಜೆನು ಆ ಹುರಿಯೊಡನೆ ಮಂಡಿಗೆ ಹೋಗಿ ಸೇರುವುದಿಲ್ಲ. ಜಠರದಲ್ಲಿಯೂ ಕರುಳಿನಲ್ಲಿಯೂ ಅದು ಅಮೈನೋ ಆಮ್ಲಗಳಾಗಿ, ಎರಡು ಮೂರು ಕೊಂಡಿಗಳ ಪೆಪ್ಟೈಡುಗಳಾಗಿ ಒಡೆದು ರಕ್ತವನ್ನು ಸೇರುತ್ತದೆ. ಅಲ್ಲಿಂದ ಮುಂದೆ ದೇಹವು ಅದನ್ನು ಯಾವ ಕೆಲಸಕ್ಕೆ ಬಳಸಬೇಕೆಂಬುದು ಡಬ್ಬಿಯ ಮೇಲಿನ ಚಿತ್ರದಿಂದ ನಿರ್ಣಯವಾಗುವ ಸಂಗತಿಯಲ್ಲ.

ಪ್ರಯೋಜನವೇ ಇಲ್ಲವೆಂದೂ ನಾನು ಹೇಳಲಾರೆ. ಅಮೆರಿಕದ ಪೆನ್ಸಿಲ್ವೇನಿಯಾ ಸ್ಟೇಟ್ ವಿಶ್ವವಿದ್ಯಾನಿಲಯದಲ್ಲಿ 147 ಕ್ರೀಡಾಪಟುಗಳನ್ನು ಎರಡು ಗುಂಪಾಗಿಸಿ, ಒಂದಕ್ಕೆ 24 ವಾರಗಳ ಕಾಲ ದಿನಕ್ಕೆ 10 ಗ್ರಾಂ ಕೊಲಾಜೆನ್ ಕೊಟ್ಟು ನಡೆಸಿದ, 2008ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ ಕೀಲುನೋವು ಕೆಲಮಟ್ಟಿಗೆ ತಗ್ಗಿದುದು ಕಂಡುಬಂದಿತು. 2017ರ ಮತ್ತೊಂದು ಪರೀಕ್ಷೆಯಲ್ಲಿ, ಕೊಲಾಜೆನಿನಿಂದಲೇ ತೆಗೆಯುವ ಜೆಲಟಿನನ್ನು 15 ಗ್ರಾಂನಷ್ಟು ಸಿ ಜೀವಸತ್ತ್ವದೊಡನೆ ಸೇವಿಸಿ, ಒಂದು ತಾಸಿನ ಬಳಿಕ ಹಗ್ಗದಾಟವಾಡಿದವರ ರಕ್ತದಲ್ಲಿ ಕೊಲಾಜೆನ್ ನಿರ್ಮಾಣದ ಕುರುಹು ಇಮ್ಮಡಿಯಾಯಿತು. ಆದರೆ ಅವರು ಕೇವಲ 8 ಮಂದಿ. ಯೂರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರವಾದರೋ, ಕೊಲಾಜೆನ್ ಸೇವನೆಗೂ ಕೀಲುಗಳ ರಕ್ಷಣೆಗೂ ಕಾರ್ಯಕಾರಣ ಸಂಬಂಧವು ಸಿದ್ಧವಾಗಿಲ್ಲವೆಂದು 2011ರಲ್ಲಿಯೇ ಅಭಿಪ್ರಾಯವಿತ್ತಿದೆ. ಅಲ್ಪವಾದ ಆಶೆಗೆ ಅಲ್ಪವಾದ ಆಧಾರವಿದೆ. ಹಳ್ಳಿಯ ಹುಡುಗನಿಗೆ ತಿಳಿಯಬೇಕಾದುದು ಇದು, ಇಷ್ಟೇ ಪ್ರಮಾಣದಲ್ಲಿ.

ಇನ್ನೊಂದು ಮಾತು ಅಂತಃಕರಣಕ್ಕೆ ಸಂಬಂಧಿಸಿದುದು. ಇದೇ ಕೇರಳದ ಕಾತಿಕುಡಂನಲ್ಲಿ ಜಾನುವಾರುಗಳ ಎಲುಬಿನಿಂದ ಒಸೀನು ಎಂಬ, ಜೆಲಟಿನಿನ ಕಚ್ಚಾವಸ್ತು ತಯಾರಾಗುತ್ತದೆ. ಕೊಚ್ಚಿಯ ಕಾಕ್ಕನಾಡಿನಲ್ಲಿ ಜೆಲಟಿನೂ ಕೊಲಾಜೆನ್ ಪೆಪ್ಟೈಡೂ ತಯಾರಾಗುತ್ತವೆ. ರಾಜ್ಯದ ಕೈಗಾರಿಕಾ ಅಭಿವೃದ್ಧಿ ನಿಗಮವೇ ಆ ಉದ್ಯಮದಲ್ಲಿ ಪಾಲುದಾರ. ಕೊಚ್ಚಿಯ ಕೇಂದ್ರೀಯ ಮತ್ಸ್ಯ ತಂತ್ರಜ್ಞಾನ ಸಂಸ್ಥೆಯು ಮೀನಿನ ಹುರುಪೆಯಿಂದ ಕೊಲಾಜೆನನ್ನು ತೆಗೆಯುವ ವಿಧಾನವನ್ನು ರೂಪಿಸಿದೆ. ಹಂದಿಯ ಚರ್ಮದಿಂದ ಬರುವುದೂ ಉಂಟು. ಇವುಗಳಲ್ಲಿ ಯಾವುದಕ್ಕೂ ನನ್ನ ಆಕ್ಷೇಪವಿಲ್ಲ. ಆದರೆ ಹಿಂದೂಗಳೂ ಕ್ರೈಸ್ತರೂ ಮುಸಲ್ಮಾನರೂ ಜೈನರೂ ಕೂಡಿ ಬಾಳುವ ಈ ಜಿಲ್ಲೆಯಲ್ಲಿ, ಮಾಂಸಾಹಾರದ ಕಂದು ಚಿಹ್ನೆಯು ಪ್ರಾಣಿಜನ್ಯವೆಂಬುದನ್ನಷ್ಟೇ ಸೂಚಿಸಿ ಸುಮ್ಮನಾದರೆ, ಯಾವ ಪ್ರಾಣಿಯೆಂದು ತಿಳಿಯದೆ ಹಾಲಿಗೆ ಬೆರಸಿ ಕುಡಿಯುವವನಿಗೆ ಆಗುವುದು ಅನ್ಯಾಯವೇ ಸರಿ.

2020ರ ಲೇಬಲ್ ನಿಯಮಗಳ ಮೇರೆಗೆ ವಿವರಗಳು ಇಂಗ್ಲಿಷಿನಲ್ಲಾಗಲಿ ದೇವನಾಗರಿಯ ಹಿಂದಿಯಲ್ಲಾಗಲಿ ಇದ್ದರೆ ಸಾಕು. ಬೇರೆ ಭಾಷೆ ವ್ಯಾಪಾರಿಯ ಇಚ್ಛೆಗೆ ಬಿಟ್ಟದ್ದು. ಮಲಯಾಳವನ್ನೋದುವ ಮೆಣಸಿನ ಬೆಳೆಗಾರನಿಗೂ, ಕನ್ನಡಕ್ಕೆ ಹತ್ತಿರವಾದ ನುಡಿಯನ್ನಾಡುವ ಕಾಟ್ಟುನಾಯ್ಕರ ತರುಣನಿಗೂ ಈ ಎರಡೂ ಭಾಷೆಗಳು ಅಂಗಡಿಯ ಮುಂದೆ ನಿಂತ ಹೊತ್ತಿನಲ್ಲಿ ನೆರವಿಗೆ ಬರಲಾರವು. ಔಷಧೋಪಯೋಗಕ್ಕಲ್ಲವೆಂದು ಮುದ್ರಿಸಲು ತಾವು ಕಡ್ಡಾಯಗೊಳಿಸಿರುವ ಎಚ್ಚರಿಕೆಯೂ ಅವರಿಗೆ ತಿಳಿಯದು. ವಾತರೋಗದಿಂದ ಕೀಲು ಬಾತುಕೊಂಡವರು ಆಸ್ಪತ್ರೆಗೆ ಹೋಗುವುದನ್ನು ಬಿಟ್ಟು ಪುಡಿಯನ್ನೇ ನಂಬಿ ತಿಂಗಳುಗಳನ್ನು ಕಳೆದಾರೆಂಬುದು ನನ್ನ ದೊಡ್ಡ ಭಯ. ಕೊಲಾಜೆನನ್ನು ದೇಹವು ತಾನೇ ನಿರ್ಮಿಸಿಕೊಳ್ಳಲು ಬೇಕಾದ ಸಿ ಜೀವಸತ್ತ್ವವು ನಮ್ಮ ಕಾಡಿನ ಬೆಟ್ಟದ ನೆಲ್ಲಿಯಲ್ಲಿ ಸಮೃದ್ಧವಾಗಿದೆ. ಪ್ರೋಟೀನು ಹುರುಳಿಯಲ್ಲಿಯೂ ಮೊಟ್ಟೆಯಲ್ಲಿಯೂ ಮೀನಿನಲ್ಲಿಯೂ ಇದೆ. ಕೊಲಾಜೆನಿನಲ್ಲಾದರೋ ಟ್ರಿಪ್ಟೊಫಾನ್ ಎಂಬ ಅತ್ಯಗತ್ಯವಾದ ಅಮೈನೋ ಆಮ್ಲವೇ ಇಲ್ಲದಿರುವುದರಿಂದ, ಊಟದ ಪ್ರೋಟೀನಿಗೆ ಅದು ಬದಲಿಯಾಗದು.

ಆದುದರಿಂದ ತಮ್ಮಲ್ಲಿ ನನ್ನ ಬಿನ್ನಹವಿದು. ಕೊಲಾಜೆನ್ ಎಂಬ ಹೆಸರನ್ನು ಹೊತ್ತ ಪ್ರತಿಯೊಂದು ಡಬ್ಬಿಯ ಮುಂಭಾಗದಲ್ಲಿಯೇ, ಆ ಹೆಸರಿನಷ್ಟೇ ದೊಡ್ಡ ಅಕ್ಷರಗಳಲ್ಲಿ, ಒಂದು ಹೊತ್ತಿನ ಪ್ರಮಾಣದಲ್ಲಿ ಎಷ್ಟು ಗ್ರಾಂ ಕೊಲಾಜೆನ್ ಇದೆ, ಯಾವ ಪ್ರಾಣಿಯಿಂದ ಬಂದುದು ಎಂಬುದು ಇರಲಿ. ಕೊಲಾಜೆನಿಲ್ಲದ ಸಸ್ಯಸಾರಗಳ ಡಬ್ಬಿಗಳ ಮೇಲೆ ಇದರಲ್ಲಿ ಕೊಲಾಜೆನ್ ಇಲ್ಲವೆಂದು ಬರೆಯಿಸುವುದಾಗಲಿ. ಈ ಮಾತುಗಳು ಡಬ್ಬಿಯು ಮಾರಾಟವಾಗುವ ರಾಜ್ಯದ ಭಾಷೆಯಲ್ಲಿಯೂ, ಗಡಿಯ ತಾಲ್ಲೂಕುಗಳಲ್ಲಿ ನೆರೆಯ ಭಾಷೆಯಲ್ಲಿಯೂ ಇರಲಿ. ಸುಲ್ತಾನ್ ಬತ್ತೇರಿ ಮತ್ತು ಹೆಗ್ಗಡದೇವನಕೋಟೆ ತಾಲ್ಲೂಕುಗಳ ಅಂಗಡಿಗಳಿಂದ ಮಾದರಿಗಳನ್ನು ತೆಗೆಯಿಸಿ, ಪರೀಕ್ಷೆಯ ಫಲಿತಾಂಶವನ್ನು ಮಲಯಾಳದಲ್ಲಿಯೂ ಕನ್ನಡದಲ್ಲಿಯೂ ಪಂಚಾಯಿತಿ ಕಚೇರಿಗಳ ಗೋಡೆಗೆ ಅಂಟಿಸುವಂತೆ ಎರಡೂ ರಾಜ್ಯಗಳ ಆಹಾರ ಸುರಕ್ಷತಾ ಆಯುಕ್ತರಿಗೆ ತಾವು ಬರೆಯಬೇಕೆಂದು ಪ್ರಾರ್ಥಿಸುತ್ತೇನೆ.

ಇತಿ ತಮ್ಮ ವಿಧೇಯ,
ಪುಲ್ಪಳ್ಳಿಯ ಓರ್ವ ಕೃಷಿಕ