ನಮ್ಮ ಲಾಗಿನ್ ನಮ್ಮ ಕೈಯಲ್ಲೇ ಇರಲಿ

ವಿದ್ಯಾರ್ಥಿವೇತನದ ಅರ್ಜಿ ಶುರುವಾದರೆ ಸಾಕು, ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಎಲ್ಲಿ ನೋಡಿದರೂ ಆನ್‌ಲೈನ್ ಸೆಂಟರ್‌ಗಳ ಮುಂದೆ ವಿದ್ಯಾರ್ಥಿಗಳ ಸಾಲು. ಆಧಾರ್, ಜಾತಿ-ಆದಾಯ ಪ್ರಮಾಣಪತ್ರ ಎಲ್ಲವನ್ನೂ ಕೊಡುತ್ತೇವೆ. ಎಷ್ಟೋ ಸಲ ಎಸ್‌ಎಸ್‌ಪಿ ಪಾಸ್‌ವರ್ಡನ್ನೂ ಅಂಗಡಿಯವರೇ ಇಟ್ಟು, ತಮ್ಮ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತಾರೆ. ಮುಂದಿನ ವರ್ಷ ಮತ್ತೆ ಅವರನ್ನೇ ಕೇಳಬೇಕು. ಅನೇಕ ಕಾಲೇಜುಗಳ ಲ್ಯಾಬಿನಲ್ಲೂ ಇದೇ ಕಥೆ: ಎಲ್ಲರಿಗೂ ಒಂದೇ ಯೂಸರ್ ಹೆಸರು, ಒಂದೇ ಪಾಸ್‌ವರ್ಡ್.

ಇದರಿಂದ ಏನಾಗುತ್ತದೆ ಎನ್ನುವವರು ಅಲ್ಪಸಂಖ್ಯಾತರ ವಿದ್ಯಾರ್ಥಿವೇತನದ ಹಗರಣವನ್ನು ನೆನಪಿಸಿಕೊಳ್ಳಲಿ. ಕೇಂದ್ರ ಸರ್ಕಾರ 1,572 ಸಂಸ್ಥೆಗಳನ್ನು ಪರಿಶೀಲಿಸಿದಾಗ 830ರಲ್ಲಿ ಅಕ್ರಮ ಕಂಡುಬಂತು. ನಷ್ಟದ ಅಂದಾಜು 144 ಕೋಟಿ ರೂಪಾಯಿಗೂ ಹೆಚ್ಚು. 2023ರಲ್ಲಿ ಪ್ರಕರಣ ಸಿಬಿಐಗೆ ಹೋಯಿತು. ರಾಷ್ಟ್ರೀಯ ವಿದ್ಯಾರ್ಥಿವೇತನ ಪೋರ್ಟಲ್‌ನಲ್ಲಿ ನಮ್ಮ ಅರ್ಜಿ ಮುಂದೆ ಹೋಗಬೇಕಾದರೆ ಸಂಸ್ಥೆಯ ಲಾಗಿನ್‌ನಿಂದ ದೃಢೀಕರಣ ಆಗಬೇಕು. ಆ ಲಾಗಿನ್ ತಪ್ಪು ಕೈಯಲ್ಲಿದ್ದರೆ ಬಡ ಮಕ್ಕಳ ಹಣಕ್ಕೆ ಕಾವಲೇ ಇಲ್ಲ.

ಕಂಪ್ಯೂಟರ್ ಲೋಕದಲ್ಲಿ ಇದಕ್ಕೆ ಪರಿಹಾರವಿದೆ. ಅದೇ ಐಡೆಂಟಿಟಿ ಸರ್ವರ್. ಅದು ಎರಡೇ ಪ್ರಶ್ನೆ ಕೇಳುತ್ತದೆ: ನೀನು ಯಾರು? ನಿನಗೆ ಯಾವ ಬಾಗಿಲು ತೆರೆಯಬಹುದು? ಕೀಕ್ಲೋಕ್ ಎಂಬುದು ಅಂಥ ಒಂದು ಉಚಿತ, ಮುಕ್ತ ತಂತ್ರಾಂಶ. ಇದನ್ನು ಕಂಟೇನರ್ ರೂಪದಲ್ಲಿ ಓಡಿಸಬಹುದು. ಕಂಟೇನರ್ ಎಂದರೆ ಹೊಲಕ್ಕೆ ಒಯ್ಯುವ ಬುತ್ತಿ ಇದ್ದಂತೆ. ರೊಟ್ಟಿ, ಪಲ್ಯ, ಚಟ್ನಿ ಎಲ್ಲ ಒಂದೇ ಗಂಟಿನಲ್ಲಿರುತ್ತದೆ. ಎಲ್ಲಿ ಬಿಚ್ಚಿದರೂ ಅದೇ ಊಟ. ತಂತ್ರಾಂಶಕ್ಕೆ ಬೇಕಾದದ್ದೆಲ್ಲ ಹಾಗೆಯೇ ಕಟ್ಟಿಕೊಂಡು ಬರುತ್ತದೆ.

ಇದು ದೊಡ್ಡವರ ಕೆಲಸ ಎನ್ನಬೇಡಿ. ನಮ್ಮದೇ ರಾಜ್ಯದ ಐಐಐಟಿ ಬೆಂಗಳೂರಿನಲ್ಲಿ 2018ರಲ್ಲಿ ಮೊಸಿಪ್ ಯೋಜನೆ ಆರಂಭವಾಯಿತು. ಫಿಲಿಪ್ಪೀನ್ಸ್, ಮೊರಾಕ್ಕೊ, ಇಥಿಯೋಪಿಯಾ ದೇಶಗಳ ರಾಷ್ಟ್ರೀಯ ಗುರುತಿನ ವ್ಯವಸ್ಥೆಗೆ ಅದೇ ಆಧಾರ. ಅದರ ಒಳಗೆ ಯಾರಿಗೆ ಎಷ್ಟು ಅಧಿಕಾರ ಎಂದು ನೋಡಿಕೊಳ್ಳುವುದೂ ಕೀಕ್ಲೋಕ್. ಅದೂ ಓಡುವುದು ಕಂಟೇನರ್‌ಗಳಲ್ಲೇ. ದೇಶಗಳು ನಂಬಿದ ತಂತ್ರಾಂಶವನ್ನು ನಮ್ಮ ಲ್ಯಾಬಿನ ಒಂದು ಸಾಧಾರಣ ಕಂಪ್ಯೂಟರಿನಲ್ಲಿ ಕಲಿಯಬಹುದು.

ಕರೆಂಟ್ ಹೋದರೆ? ಇದನ್ನು ಕಟ್ಟಿದವರು ಪರೀಕ್ಷೆ ಬರೆದು ಹೋದರೆ ಯಾರು ನೋಡಿಕೊಳ್ಳುತ್ತಾರೆ? ಪ್ರಶ್ನೆಗಳು ನಿಜವಾದವು. ನೋಡಿಕೊಳ್ಳುವವರಿಲ್ಲದ ಸರ್ವರ್ ಇಡುವುದಕ್ಕಿಂತ ಇಡದಿರುವುದೇ ಒಳ್ಳೆಯದು. ನಮ್ಮಲ್ಲಿ ಬಹಳಷ್ಟು ಜನ 18 ವರ್ಷದೊಳಗಿನವರು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ನಮ್ಮನ್ನು ಮಕ್ಕಳೆಂದೇ ಎಣಿಸಿ, ನಮ್ಮ ಮಾಹಿತಿ ಬಳಸಲು ಪೋಷಕರ ಒಪ್ಪಿಗೆ ಬೇಕು ಎನ್ನುತ್ತದೆ.

ಆದ್ದರಿಂದ ಸಣ್ಣದಾಗಿ ಆರಂಭಿಸೋಣ. ಸರ್ವರ್ ಲ್ಯಾಬಿನ ಒಳಗಷ್ಟೇ ಇರಲಿ, ಇಂಟರ್ನೆಟ್ಟಿಗೆ ತೆರೆಯುವುದು ಬೇಡ. ಅದರಲ್ಲಿ ಹೆಸರು ಮತ್ತು ರೋಲ್ ನಂಬರ್ ಬಿಟ್ಟು ಬೇರೇನೂ ಬೇಡ. ಆಧಾರ್ ಅಂತೂ ಬೇಡವೇ ಬೇಡ. ಪ್ರತಿಯೊಬ್ಬರಿಗೂ ಸ್ವಂತ ಪಾಸ್‌ವರ್ಡ್ ಇರಲಿ. ಮೇಲಿನ ಅಧಿಕಾರ ಒಬ್ಬ ಉಪನ್ಯಾಸಕರ ಬಳಿಯಿದ್ದು, ಇಬ್ಬರು ವಿದ್ಯಾರ್ಥಿಗಳು ಸಹಾಯಕರಾಗಲಿ. ವಾರಕ್ಕೊಮ್ಮೆ ಡೇಟಾಬೇಸ್ ಬ್ಯಾಕಪ್, ಹೊಸ ಆವೃತ್ತಿ ಬಂದಾಗ ಅಪ್‌ಡೇಟ್ ತಪ್ಪಬಾರದು. ಕಾಲೇಜು ಬಿಟ್ಟವರ ಖಾತೆ ಅಂದೇ ಮುಚ್ಚಬೇಕು.

ಇದರಿಂದ ಎಸ್‌ಎಸ್‌ಪಿ ಬದಲಾಗುವುದಿಲ್ಲ, ನಿಜ. ಆದರೆ ಇಲ್ಲಿ ಸ್ವಂತ ಪಾಸ್‌ವರ್ಡ್ ಕಾಪಾಡಲು ಕಲಿತವನು ಅಲ್ಲಿ ಅದನ್ನು ಇನ್ನೊಬ್ಬರ ನೋಟ್‌ಬುಕ್ಕಿನಲ್ಲಿ ಬಿಟ್ಟು ಬರುವುದಿಲ್ಲ. ಪ್ರಾಂಶುಪಾಲರಲ್ಲಿ, ಕಂಪ್ಯೂಟರ್ ಸೈನ್ಸ್ ಉಪನ್ಯಾಸಕರಲ್ಲಿ ನಮ್ಮ ವಿನಂತಿ ಇಷ್ಟೇ: ಒಂದು ಕಂಪ್ಯೂಟರ್ ಮತ್ತು ವಾರಕ್ಕೊಂದು ಗಂಟೆ ಕೊಡಿ. ಗೆಳೆಯ ಗೆಳತಿಯರೇ, ನೀವು ಅಲ್ಲಿಯವರೆಗೂ ಕಾಯಬೇಡಿ. ಇವತ್ತೇ ನಿಮ್ಮ ಎಸ್‌ಎಸ್‌ಪಿ ಪಾಸ್‌ವರ್ಡನ್ನು ನೀವೇ ಬದಲಾಯಿಸಿ.

— ದ್ವಿತೀಯ ಪಿಯುಸಿ ವಿಜ್ಞಾನ ವಿಭಾಗದ ವಿದ್ಯಾರ್ಥಿ