ಕಡಲ ಕೊರೆತಕ್ಕೆ ಕಲ್ಲೊಂದೇ ಉತ್ತರವೇ?

ಮುಂಗಾರು ಆರಂಭವಾಯಿತೆಂದರೆ ನಮ್ಮ ಕರಾವಳಿಯ ಸುದ್ದಿಗಳಲ್ಲಿ ಕಡಲ ಕೊರೆತ ಇದ್ದೇ ಇರುತ್ತದೆ. ಉಳ್ಳಾಲ, ಸೋಮೇಶ್ವರ, ಮರವಂತೆ ಎಂಬ ಹೆಸರುಗಳು ಮತ್ತೆ ಮತ್ತೆ ಕೇಳಿಬರುತ್ತವೆ. ತೆಂಗಿನ ಮರಗಳು ಬುಡಸಮೇತ ಉರುಳುತ್ತವೆ, ರಸ್ತೆಗಳು ಕುಸಿಯುತ್ತವೆ, ಮೀನುಗಾರರ ಮನೆಗಳು ಅಪಾಯಕ್ಕೆ ಸಿಲುಕುತ್ತವೆ. ಆಗ ಲಾರಿಗಟ್ಟಲೆ ಕಲ್ಲು ತಂದು ಸುರಿಯಲಾಗುತ್ತದೆ. ಬಾಯಾರಿದಾಗ ಬಾವಿ ತೋಡುವ ಈ ಕ್ರಮ ಇನ್ನೆಷ್ಟು ವರ್ಷ?

ಕಡಲತೀರ ಸ್ಥಿರವಾದ ನೆಲವಲ್ಲ. ಮಳೆಗಾಲದ ದೊಡ್ಡ ಅಲೆಗಳು ದಡದ ಮರಳನ್ನು ಎಳೆದೊಯ್ದು ಸಮೀಪದ ಕಡಲತಳದಲ್ಲಿ ದಿಬ್ಬವಾಗಿ ಪೇರಿಸುತ್ತವೆ. ಮಳೆ ನಿಂತ ಮೇಲೆ ಸಣ್ಣ ಅಲೆಗಳು ಅದರಲ್ಲಿ ಬಹುಪಾಲನ್ನು ಮತ್ತೆ ದಡಕ್ಕೆ ತರುತ್ತವೆ. ನದಿಗಳು ಹೊಸ ಮರಳನ್ನು ಸೇರಿಸುತ್ತವೆ. ಈ ಜಮಾ-ಖರ್ಚು ಸರಿದೂಗುವವರೆಗೆ ತೀರ ಉಳಿಯುತ್ತದೆ. ಆದರೆ ನಾವು ನದಿಗೆ ಅಣೆಕಟ್ಟು ಕಟ್ಟುತ್ತೇವೆ, ನದಿಯ ಮರಳನ್ನು ಮಿತಿಮೀರಿ ತೆಗೆಯುತ್ತೇವೆ, ದಡದುದ್ದಕ್ಕೂ ಸಾಗುವ ಮರಳಿಗೆ ಬಂದರಿನ ಬ್ರೇಕ್‌ವಾಟರ್‌ಗಳನ್ನು ಅಡ್ಡ ನಿಲ್ಲಿಸುತ್ತೇವೆ. ಜಮಾ ಕಡಿಮೆಯಾದರೆ ಖರ್ಚಿಗೆ ದಡವೇ ಹೋಗಬೇಕಾಗುತ್ತದೆ.

ಮನೆ ಬೀಳುವ ಹಂತದಲ್ಲಿರುವಾಗ ಕಲ್ಲು ಹಾಕಬೇಡಿ ಎಂದು ಯಾರೂ ಹೇಳಲಾರರು. ಆದರೆ ಗೋಡೆಗೆ ಬಡಿದ ಅಲೆ ಹಿಂದಿರುಗುವಾಗ ಗೋಡೆಯ ಬುಡದ ಮರಳನ್ನೇ ಕೊರೆಯುತ್ತದೆ. ಕ್ರಮೇಣ ಕಲ್ಲುಗಳೂ ಕುಸಿಯುತ್ತವೆ. ಗೋಡೆ ಮುಗಿದಲ್ಲಿ ಪಕ್ಕದ ಊರಿನ ಕೊರೆತ ಹೆಚ್ಚುತ್ತದೆ. ದೋಣಿ ಎಳೆಯಲು, ಬಲೆ ಹರಡಲು ಬೇಕಾದ ಮರಳ ದಂಡೆ ಇಲ್ಲವಾಗುತ್ತದೆ. ಒಬ್ಬರ ಕಷ್ಟವನ್ನು ನೆರೆಯವರಿಗೆ ದಾಟಿಸುವುದು ಪರಿಹಾರವೇ?

ನೆದರ್‌ಲ್ಯಾಂಡ್ಸ್‌ನ ಉದಾಹರಣೆ ನೋಡೋಣ. 1953ರ ಪ್ರವಾಹದಲ್ಲಿ ಅಲ್ಲಿ 1,800ಕ್ಕೂ ಹೆಚ್ಚು ಜನ ಸತ್ತರು. ಆ ದೇಶ ಬೃಹತ್ ತಡೆಗೋಡೆಗಳನ್ನು ಕಟ್ಟಿತು. ಆದರೆ ಅಷ್ಟಕ್ಕೇ ನಿಲ್ಲದೆ, 1990ರಿಂದ ತನ್ನ ತೀರಕ್ಕೆ ಮರಳು ತುಂಬುತ್ತ ಬಂದಿದೆ. 2011ರಲ್ಲಿ ಒಂದೇ ಕಡೆ ಸುಮಾರು 2 ಕೋಟಿ 15 ಲಕ್ಷ ಘನ ಮೀಟರ್ ಮರಳು ಹಾಕಿ, ಅದನ್ನು ದಡದುದ್ದಕ್ಕೂ ಹಂಚುವ ಕೆಲಸವನ್ನು ಗಾಳಿ ಮತ್ತು ಅಲೆಗಳಿಗೇ ಬಿಟ್ಟರು. ನಮ್ಮ ಮುಂಗಾರಿನ ಕಡಲು ಬೇರೆ, ನಮ್ಮ ಬೊಕ್ಕಸವೂ ಬೇರೆ. ಆ ಯೋಜನೆಯನ್ನು ಹಾಗೆಯೇ ನಕಲು ಮಾಡಬೇಕಿಲ್ಲ. ಕಡಲಿನೊಡನೆ ಹೋರಾಡುವುದಕ್ಕಿಂತ ಅದರ ಸ್ವಭಾವವನ್ನು ಬಳಸಿಕೊಳ್ಳಬೇಕು ಎಂಬ ನೀತಿಯನ್ನು ಕಲಿಯಬಹುದು. ಏಷ್ಯನ್ ಅಭಿವೃದ್ಧಿ ಬ್ಯಾಂಕಿನ ನೆರವಿನಿಂದ ಉಳ್ಳಾಲದಲ್ಲಿಯೂ ದಡದಾಚೆ ನೀರಿನೊಳಗೆ ರೀಫ್ ನಿರ್ಮಿಸಿ ಅಲೆಯ ರಭಸವನ್ನು ತಗ್ಗಿಸುವ ಪ್ರಯತ್ನ ನಡೆದಿದೆ.

ಖರ್ಚು ಕಡಿಮೆ ಇರುವ ದಾರಿಗಳೂ ಇವೆ. ಅಳಿವೆಗಳಲ್ಲಿ ಬೆಳೆಯುವ ಕಾಂಡ್ಲಾ ಗಿಡಗಳ ಬೇರು ಮಣ್ಣನ್ನು ಹಿಡಿದಿಟ್ಟು ನೀರಿನ ರಭಸ ತಗ್ಗಿಸುತ್ತದೆ. ದಡದ ಮರಳು ದಿಬ್ಬಗಳನ್ನೂ ಅಲ್ಲಿನ ಬಳ್ಳಿಗಳನ್ನೂ ಹಾಗೆಯೇ ಬಿಟ್ಟರೆ ಅವೇ ಗೋಡೆ. ಎಲ್ಲಕ್ಕಿಂತ ಮುಖ್ಯವಾದುದು ಕಡಲಿಗೆ ಜಾಗ ಬಿಡುವುದು. ಕರಾವಳಿ ನಿಯಂತ್ರಣ ವಲಯದ ಮೊದಲ ಅಧಿಸೂಚನೆ ಬಂದದ್ದು 1991ರಲ್ಲಿ. 2019ರ ಅಧಿಸೂಚನೆ ಜನದಟ್ಟಣೆಯ ಗ್ರಾಮೀಣ ತೀರಗಳಲ್ಲಿ ಕಟ್ಟಡ ನಿಷೇಧದ ಅಂತರವನ್ನು 200 ಮೀಟರಿನಿಂದ 50 ಮೀಟರಿಗೆ ಇಳಿಸಲು ಅವಕಾಶ ಕೊಟ್ಟಿತು. ಕಾನೂನು ಒಪ್ಪಿದರೂ ಕಡಲು ಒಪ್ಪಬೇಕಲ್ಲ!

ಪರದೇಶದಲ್ಲಿರುವ ನಮಗೂ ಇದರಲ್ಲಿ ಪಾಲಿದೆ. ದುಡಿದ ಹಣದಲ್ಲಿ ಊರಿನ ಕಡಲ ಬದಿಯಲ್ಲೊಂದು ಮನೆ ಕಟ್ಟಬೇಕೆಂಬ ಆಸೆ ಅನೇಕರಿಗಿದೆ. ಪೋಷಕರೇ, ನಿವೇಶನ ಕೊಳ್ಳುವ ಮುನ್ನ ಆ ದಡ ಹಿಂದೆ ಎಲ್ಲಿತ್ತು ಎಂದು ಊರಿನ ಹಿರಿಯ ಮೀನುಗಾರರನ್ನು ಕೇಳಿ. ಮನೆಗೆ ಬಳಸುವ ಮರಳು ಎಲ್ಲಿಂದ ಬಂತೆಂದೂ ವಿಚಾರಿಸಿ. ವಿದ್ಯಾರ್ಥಿಗಳೇ, ನಿಮ್ಮಲ್ಲಿ ನಾಳೆ ಎಂಜಿನಿಯರುಗಳಾಗುವವರು ಇದ್ದೀರಿ. ಗೋಡೆ ಕಟ್ಟುವ ವಿದ್ಯೆಯ ಜೊತೆಗೆ, ಮರಳಿನ ದಾರಿಯನ್ನು ಓದುವ ವಿದ್ಯೆಯನ್ನೂ ಕಲಿಯಿರಿ. ನಮ್ಮ ಕರಾವಳಿಗೆ ಇಂದು ಅದರ ಅಗತ್ಯವೇ ಹೆಚ್ಚು.